ನಮ್ಮವರು ಊರಲ್ಲಿಲ್ಲ

ನನ್ನ ಗಂಡ ಈಗ ಊರಲ್ಲಿಲ್ಲ. ನಡುಮನೆಯಲ್ಲಿದ್ದಾರೆ.

ನಗುವವರು ನಕ್ಕುಬಿಡಿ, ನನಗೇನೂ ಬೇಜಾರಿಲ್ಲ. ಮೊದಮೊದಲು ನಾನು ನಗಲಿಲ್ಲ, ಅಷ್ಟೇ. ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು. ನನ್ನ ಅತ್ತೆ ಇದನ್ನು ಬಂದವರಿಗೆಲ್ಲ ಚಹಾದ ಜೊತೆಗೇ ಹೇಳುತ್ತಾರೆ.

ನಮ್ಮವರು ಭೂಗೋಳದ ಮೇಷ್ಟ್ರಾಗಿದ್ದರು. ಶಾಲೆಯಲ್ಲಿ ನದಿ, ಬೆಟ್ಟ, ಮರುಭೂಮಿ ಎಂದು ಗಂಟಲು ಹರಿದುಕೊಂಡು ಮನೆಗೆ ಬಂದರೆ ಬಾಯಿಗೆ ಬೀಗ. ನನಗೆ ಸಿಗುತ್ತಿದ್ದದ್ದು ಎರಡೇ ಮಾತು, "ಹೂಂ" ಮತ್ತು "ಉಹೂಂ". ಊಟ ಹೇಗಿದೆ ಅಂದರೆ ಹೂಂ. ಈ ಬಟ್ಟೆ ನನಗೆ ಒಪ್ಪಲ್ಲ ಅಲ್ವಾ ಅಂದರೆ ಉಹೂಂ. ಒಪ್ಪುತ್ತದೆ ಎಂದೋ ಒಪ್ಪುವುದಿಲ್ಲ ಎಂದೋ, ಆ ದೇವರಿಗೇ ಗೊತ್ತು. ಮಾತಾಡಿದರೆ ಮುತ್ತು ಉದುರುತ್ತಾ ಎಂದು ಕೂಗಾಡಿದ್ದೇನೆ, ಗೋಗರೆದಿದ್ದೇನೆ, ಕೊನೆಗೆ ಸುಮ್ಮನಾಗಿದ್ದೇನೆ.

ನಿವೃತ್ತರಾದ ಮೇಲೆ ಅವರಿಗೆ ಮಲಗೋ ಸೈಕಲ್ಲಿನ ಹುಚ್ಚು ಹಿಡಿಯಿತು. ನೋಡಿಲ್ಲದವರಿಗೆ ಹೇಳುತ್ತೇನೆ: ಆರಾಮಕುರ್ಚಿಗೆ ಚಕ್ರ ಕಟ್ಟಿದಂತಿರುತ್ತದೆ. ಬೆನ್ನು ಹಿಂದಕ್ಕೆ ಒರಗಿಸಿ, ಕಾಲು ಮುಂದಕ್ಕೆ ಚಾಚಿ ಪೆಡಲು ತುಳಿಯಬೇಕು. ಅದರ ಮೇಲೆ ದೇಶ ಸುತ್ತಿ, ಸಮುದ್ರ ಮುಟ್ಟಿ ಬರುವುದೆಂದು ತೀರ್ಮಾನವಾಯಿತು. ವೆಲ್ಡರ್ ಮನೆಗೇ ಬಂದು, ಮಹಡಿಯ ನಮ್ಮ ನಡುಮನೆಯಲ್ಲೇ ಉದ್ದನೆಯ ಚೌಕಟ್ಟು ಬೆಸೆದುಕೊಟ್ಟ. ಆಮೇಲೆ ಶುರುವಾಯಿತು ನೋಡಿ ಸೀಟಿನ ರಾಮಾಯಣ. ಬೆನ್ನಿನ ಓರೆ ಇಳಿಸಿದರೆ ಕತ್ತು ನೋವು, ಏರಿಸಿದರೆ ಕುಂಡೆ ನೋವು. ಸೊಂಟಕ್ಕೆ ದಿಂಬಂತೆ, ತಲೆಗೆ ಒರಗಂತೆ, ಬೆನ್ನು ಬೆವರದ ಹಾಗೆ ಜಾಲರಿಯಂತೆ. ನಾನೋ ಕೆಳಗಡೆ ಸೋಫಾ ಕುಶನ್ ಹೊಲಿಯುವ ಅಂಗಡಿ ಇಟ್ಟವಳು. "ಇದೊಂಚೂರು ನೋಡೇ" ಎಂದು ಒಂದು ಮಾತು ಕೇಳಿದ್ದರೆ ಮಧ್ಯಾಹ್ನದೊಳಗೆ ಮುಗಿಸಿಕೊಡುತ್ತಿದ್ದೆ. ಅವರು ಕೇಳಲಿಲ್ಲ, ನಾನಾಗಿ ಹೋಗಲೂ ಇಲ್ಲ.

ಹೊರಡುವ ದಿನ ಅಕ್ಕಪಕ್ಕದವರೆಲ್ಲ ಮೆಟ್ಟಿಲ ಮೇಲೆ ಸೇರಿದ್ದರು. ಸೀಟಿನ ಎರಡೂ ಪಕ್ಕಕ್ಕೆ ಚೀಲ, ಹಿಂದೆ ಗುಡಾರದ ಸುರುಳಿ, ಕೈಗೆಟುಕುವಲ್ಲಿ ನೀರು, ಲಾರಿಯವರಿಗೆ ಕಾಣಲೆಂದು ಉದ್ದ ಕೋಲಿಗೆ ಕೆಂಪು ಬಾವುಟ. ಹೆಲ್ಮೆಟ್ ಹಾಕಿಕೊಂಡು ನಮ್ಮವರು ಎಲ್ಲರ ಮುಂದೆ "ಹೋಗಿ ಬರ್ತೀನಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೈಕಲ್ಲನ್ನು ಬಾಗಿಲಿಗೆ ತಂದರು. ಅಲ್ಲೇ ನಿಂತಿತು.

ಚೀಲ ಬಿಚ್ಚಿದರು, ಓರೆ ಮಾಡಿದರು, ನಿಲ್ಲಿಸಿ ನೋಡಿದರು. ಮೂತಿ ಮೆಟ್ಟಿಲಿನ ತಿರುವಿಗೆ ತಾಗಿದರೂ ಬಾಲ ನಡುಮನೆ ಬಿಡಲಿಲ್ಲ. ಸಮುದ್ರ ಎಷ್ಟು ದೂರ ಎಂದು ನಿದ್ದೆಯಲ್ಲೂ ಹೇಳಬಲ್ಲವರು ಮೆಟ್ಟಿಲಿನ ತಿರುವು ಎಷ್ಟು ಅಗಲ ಎಂದು ನೋಡಿರಲಿಲ್ಲ.

"ಕೊಯ್ದು ಎರಡು ತುಂಡು ಮಾಡಿ ಕೆಳಗೆ ಬೆಸೀತೀನಿ ಸಾರ್" ಎಂದ ವೆಲ್ಡರ್.

"ಉಹೂಂ" ಎಂದರು ನಮ್ಮವರು.

"ಸರಿ ಬಿಡಿ, ಒಳಗೆ ಬನ್ನಿ" ಎಂದೆ ನಾನು.

ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು. "ಅದು ಹೇಗೆ ಬರ್ತಾನೆ? ಊರೆಲ್ಲ ಕೇಳೋ ಹಾಗೆ ಹೋಗಿ ಬರ್ತೀನಿ ಅಂದಾಗಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೋಗದೇ ಬರೋಕಾಗುತ್ತಾ?"

ಯಾರಾದರೂ ನಗಬೇಕಾಗಿತ್ತು. ಯಾರೂ ನಗಲಿಲ್ಲ. ನಮ್ಮವರು ತಲೆಯಾಡಿಸಿ, ಸೈಕಲ್ಲನ್ನು ನಡುಮನೆಯ ಮಧ್ಯಕ್ಕೆ ತಂದು, ಹಿಂದಿನ ಚಕ್ರ ನೆಲ ಮುಟ್ಟದ ಹಾಗೆ ಸ್ಟ್ಯಾಂಡ್ ಕೊಟ್ಟು, ಚೀಲ ಮತ್ತೆ ಕಟ್ಟಿ, ಒರಗಿ ಮಲಗಿ, ತುಳಿಯತೊಡಗಿದರು. ನೆರೆಯವರು ಕೈಬೀಸಿ ಮನೆಗೆ ಹೋದರು.

ಅವತ್ತಿನಿಂದ ಅವರು ಊರಲ್ಲಿಲ್ಲ. ಮುಂದೆ ನಿಂತರೆ ನನ್ನನ್ನು ದಾಟಿ ರಸ್ತೆ ನೋಡುತ್ತಾರೆ. ಊಟಕ್ಕೆ ಕರೆದರೆ ಪೆಡಲು ತುಳಿಯುತ್ತಲೇ ಇರುತ್ತಾರೆ. ಬಾಲ್ಕನಿಯಲ್ಲಿ ಗುಡಾರ ಹಾಕಿ ಸ್ಟೌ ಹಚ್ಚಿ ಅನ್ನ ಬೇಯಿಸಿಕೊಳ್ಳುತ್ತಾರೆ. ನಾನು ತಟ್ಟೆ ಹಿಡಿದು ನಿಂತಿದ್ದರೆ ಅತ್ತೆ, "ಯಾರಿಗಮ್ಮಾ ಅದು? ಅವನು ಊರಲ್ಲಿಲ್ವಲ್ಲ" ಎನ್ನುತ್ತಾರೆ. ಒಮ್ಮೆ ಗ್ಯಾಸಿನವನು ಬಂದ.

"ಯಜಮಾನರ ಸಹಿ ಬೇಕಿತ್ತು."

"ಅವರು ಊರಲ್ಲಿಲ್ಲ" ಎಂದರು ಅತ್ತೆ.

ಅವನು ಸೈಕಲ್ಲಿನ ಕಡೆ ನೋಡಿದ. "ಮತ್ತೆ ಇವರು?"

"ಇವನು ದಾರೀಲಿದ್ದಾನೆ."

ಅವನು ನನ್ನಿಂದ ಸಹಿ ಹಾಕಿಸಿಕೊಂಡು, ಹೋಗುವಾಗ ಸೈಕಲ್ಲಿಗೆ ದಾರಿ ಬಿಟ್ಟು ಗೋಡೆ ಪಕ್ಕದಲ್ಲಿ ನಡೆದುಹೋದ.

ನನಗೆ ತಲೆ ಚಿಟ್ಟು ಹಿಡಿಯಿತು. ಅವರು ಸ್ನಾನಕ್ಕೆ ಹೋದಾಗ ಸೀಟಿನ ಹೊಲಿಗೆ ಬಿಚ್ಚಿದೆ. ಒಳಗಿನ ಫೋಮ್ ಕಿತ್ತು, ಅಂಗಡಿಯ ಚಿಂದಿಬಟ್ಟೆಯನ್ನು ಗಂಟು ಗಂಟಾಗಿ ಕಟ್ಟಿ ತುಂಬಿಸಿ, ಏನೂ ತಿಳಿಯದ ಹಾಗೆ ಹೊಲಿದಿಟ್ಟೆ. ಕುಂಡೆ ಬೆಂದರೆ ಬುದ್ಧಿ ತಾನಾಗಿ ಬರುತ್ತದೆ ಎಂದುಕೊಂಡು ಅಂಗಡಿಗೆ ಇಳಿದೆ.

ಮಧ್ಯಾಹ್ನ ಫೋನ್ ಬಂತು.

"ಹಲೋ, ನಾನು ಕಣೇ."

ನನ್ನ ಬಾಯಲ್ಲಿ ಸೂಜಿ ಇತ್ತು. ತೆಗೆದಿಟ್ಟೆ.

"ರಸ್ತೆ ಬಹಳ ಕೆಟ್ಟಿದೆ. ಕೂತಲ್ಲೆಲ್ಲ ಕಲ್ಲು ಒತ್ತುತ್ತೆ. ಅದಿರ್ಲಿ, ನಿಂದು ಊಟ ಆಯ್ತಾ?"

"ಹೂಂ" ಎಂದೆ. ನಾನು! ಮಾತಿನಮಲ್ಲಿ ಎಂದು ಹೆಸರು ಪಡೆದವಳು!

"ಏನ್ ಊಟ? ಸರಿಯಾಗಿ ತಿಂದ್ಯಾ? ಅಂಗಡೀಲಿ ಕೂತು ಕೂತು ಸೊಂಟ ಹಿಡ್ಕೊಳ್ಳುತ್ತೆ ನಿಂಗೆ, ಮಧ್ಯ ಮಧ್ಯ ಎದ್ದು ಓಡಾಡು." ಆಮೇಲೆ ಅವರು ಬೆಟ್ಟದ ಬಗ್ಗೆ ಹೇಳಿದರು. ಮೋಡ ಬೆಟ್ಟದ ಕತ್ತಿಗೆ ಸುತ್ತಿಕೊಂಡಿದೆ, ಕೆಳಗೆ ಹೊಳೆಯ ನೀರು ಹಸಿರಾಗಿದೆ, ಗಾಳಿ ಎದುರಿನಿಂದ ಬರುತ್ತಿದೆ ಎಂದರು. "ಇದನ್ನ ನೀನು ನೋಡ್ಬೇಕಾಗಿತ್ತು. ಒಬ್ಬನೇ ನೋಡಿದ್ರೆ ಏನೋ ಕಮ್ಮಿ ಅನ್ಸುತ್ತೆ."

ನನ್ನ ತಲೆಯ ಮೇಲೆ, ನಡುಮನೆಯ ನೆಲದಾಚೆ, ಚೈನು ಕರಕರ ಎನ್ನುವುದು ಕೇಳುತ್ತಿತ್ತು. ಅವರು ಇದ್ದದ್ದು ನನ್ನಿಂದ ಹದಿನೆಂಟು ಮೆಟ್ಟಿಲ ಮೇಲೆ. ಆದರೆ ಇಷ್ಟು ವರ್ಷ ಒಂದೇ ಮೇಜಿನ ಎದುರುಬದುರು ಕೂತು ಈ ದನಿ ನಾನು ಒಂದು ಸಲವೂ ಕೇಳಿರಲಿಲ್ಲ. ಫೋನ್ ಇಟ್ಟಮೇಲೆ ನಾನೇನೂ ಅಳಲಿಲ್ಲ, ಬಟ್ಟೆ ಕತ್ತರಿಸಲು ಆಗಲಿಲ್ಲ ಅಷ್ಟೇ. ಇಲ್ಲ, ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಅವರು ಸ್ನಾನಕ್ಕೆ ಹೋದದ್ದೇ ತಡ, ಮೇಲೆ ಓಡಿ ಗಂಟುಗಳನ್ನೆಲ್ಲ ಕಿತ್ತೆಸೆದೆ. ಕೆಳಗೆ ಗಟ್ಟಿ ಫೋಮ್, ಮೇಲೆ ಮೆತ್ತನೆಯದು, ಬೆನ್ನುಮೂಳೆಯ ತುದಿ ಒತ್ತದ ಹಾಗೆ ನಡುವೆ ಒಂದು ತಗ್ಗು. ಮಧ್ಯಾಹ್ನ ಫೋನ್ ಬಂತು: "ಇವತ್ತು ರಸ್ತೆ ಬೆಣ್ಣೆ ಕಣೇ!" ಇನ್ನೊಂದು ದಿನ ಪಾದ ಜೋಮು ಹಿಡಿಯುತ್ತಿದೆ ಎಂದರು. ಸೀಟಿನ ಕೆಳಗೆ ಮರದ ತುಂಡಿಟ್ಟು ಎತ್ತರಿಸಿದೆ. "ಏರು ಮುಗೀತು ಅನ್ಸುತ್ತೆ, ಕಾಲು ಹಗುರಾಯ್ತು" ಎಂದರು. ದಿನಾ ಫೋನು, ದಿನಾ ಮಾತು. ನಾನು ಚಿಕ್ಕವಳಿದ್ದಾಗ ಏನಾಗಬೇಕೆಂದಿದ್ದೆ ಎಂದು ಕೇಳಿದರು. ಹೇಳಿದೆ. ಅವತ್ತು ಉಹೂಂ ಎಂದಿದ್ದರಲ್ಲ, ಆ ಬಟ್ಟೆ ನನಗೆ ಒಪ್ಪುತ್ತಿತ್ತು ಎಂದರು. ಅತ್ತೆಯವರು ಮಗನ ಪಕ್ಕದಲ್ಲೇ ಸೋಫಾದ ಮೇಲೆ ಕೂತು, ನಾನು ಮೇಲೆ ಬಂದೊಡನೆ, "ಏನಂತಮ್ಮಾ, ಹುಷಾರಾಗಿದ್ದಾನಂತಾ?" ಎಂದು ವಿಚಾರಿಸುತ್ತಿದ್ದರು.

ಮೊನ್ನೆ ಬಂದ ಫೋನಿನಲ್ಲಿ ದನಿ ಬೇರೆಯಾಗಿತ್ತು.

"ಸಮುದ್ರ ಮುಟ್ಟಿದೆ ಕಣೇ. ನೀರು ಉಪ್ಪಾಗಿದೆ."

"ಉಪ್ಪಾಗ್ದೆ ಇನ್ನೇನು ಸಿಹಿ ಇರುತ್ತಾ?" ಎಂದು ನಕ್ಕೆ.

"ಇನ್ನು ಬರ್ತೀನಿ. ಸೈಕಲ್ ಇಲ್ಲೇ ಮಾರಿ ರೈಲು ಹತ್ತಿದ್ರೆ ಸಂಜೆಗೆ ಮನೇಲಿರ್ತೀನಿ. ಆ ವೆಲ್ಡರೇ ತಗೋತಾನಂತೆ."

ಎದೆ ಧಸಕ್ಕೆಂದಿತು. ಗಂಡ ಮನೆಗೆ ಬರುತ್ತೇನೆ ಎಂದರೆ ಯಾವ ಹೆಂಡತಿಗಾದರೂ ಹೀಗಾಗುತ್ತದಾ? ಮೇಜು ಕಣ್ಣಿಗೆ ಬಂತು. ಆ ಕಡೆ ಅವರು, ಈ ಕಡೆ ನಾನು, ಮಧ್ಯೆ ಹೂಂ.

"ರೀ, ಮನೆಗೆ ಬಂದ್ಮೇಲೂ ಹೀಗೇ ಮಾತಾಡ್ತೀರಾ?"

ಮೇಲೆ ಚೈನಿನ ಸದ್ದು ನಿಂತಿತು. ಮೆಟ್ಟಿಲು ಹತ್ತಿ ಅವರ ಮುಖ ನೋಡಬಹುದಿತ್ತು. ಹತ್ತಲಿಲ್ಲ.

"ಗೊತ್ತಿಲ್ಲ ಕಣೇ" ಎಂದರು ಕೊನೆಗೆ. "ಮನೇಲಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ್ಲೇ ತಿಳಿಯಲ್ಲ ನಂಗೆ. ಭಯ ಆಗುತ್ತೆ."

ಪಾಪ ಅನ್ನಿಸಿತು. ಸಿಟ್ಟೂ ಬಂತು, ಪ್ರೀತಿಯೂ ಬಂತು, ಮೂಗೊರೆಸಿಕೊಂಡೆ.

"ಸಮುದ್ರದ ಆಚೆ ಏನಿದೆ ಮೇಷ್ಟ್ರೇ?"

"ದ್ವೀಪಗಳಿವೆ."

"ಹಾಗಾದ್ರೆ ಅವನ್ನೂ ನೋಡ್ಕೊಂಡು ಬನ್ನಿ."

"ನೀರಿನ ಮೇಲೆ ಸೈಕಲ್ ಹೇಗೇ ಹೋಗುತ್ತೆ?"

"ಸೀಟು ನಾನು ನೋಡ್ಕೋತೀನಿ" ಎಂದೆ. "ನೀವು ತುಳೀರಿ."