ಅಂಜಿಕೆಯ ಮೊದಲ ವಾರ

ಝಳಕಿಯ ಹೆದ್ದಾರಿಯಲ್ಲಿ ಲಾರಿ ಗುದ್ದಿ ಚಮನಸಾಬ ತೀರಿಕೊಂಡಾಗ ಬೈಕಿನ ಹಿಂದೆ ಕೂತಿದ್ದವಳು ಹೆಂಡತಿ ರಾಜಬಿ. ಮೈಗಾದ ಗಾಯ ಮಾಯಿತು. ಆದರೆ ಲಾರಿಯ ಹಾರ್ನ್ ಕಿವಿಗೆ ಬಿದ್ದರೆ ಸಾಕು, ನಿಂತಲ್ಲೇ ಕಲ್ಲಾಗುತ್ತಿದ್ದಳು. ಮನೆಯೋ ರಸ್ತೆಗೆ ಹತ್ತಿಕೊಂಡೇ ಇತ್ತು.

ಮಗಳು ಅಲ್ಮಾಸ ವಿಜಯಪುರದ ಕಾಲೇಜೊಂದರಲ್ಲಿ ಔಷಧಗಳ ಸಂಶೋಧಕಿ. ಅವಳ ಕೆಲಸವೂ ಅಂಜಿಕೆಯದೇ. ಇಲಿಗೆ ಒಂದು ಸದ್ದು ಕೇಳಿಸಿ, ಹಿಂದೆಯೇ ಕಾಲಿಗೆ ಸಣ್ಣಗೆ ಕರೆಂಟ್ ಕೊಡುವುದು. ಆಮೇಲೆ ಬರೀ ಸದ್ದಿಗೇ ಇಲಿ ಮರಗಟ್ಟಿ ನಿಲ್ಲುತ್ತದೆ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂರುವ ಗ್ರಾಹಕಗಳು ಹಲವು ಬಗೆ. ಯಾವುದರಲ್ಲಿ ಕೂತರೆ ಆ ನೆನಪು ಗಟ್ಟಿಯಾಗುತ್ತದೆ, ಯಾವುದರಲ್ಲಿ ಕೂತರೆ ಸಡಿಲಾಗುತ್ತದೆ ಎಂದು ಅವಳು ಹುಡುಕುತ್ತಿದ್ದಳು.

ಇಂಡಿ ಪಟ್ಟಣದ ಡಾಕ್ಟರು ರಾಜಬಿಗೆ ಕೊಟ್ಟದ್ದೂ ಸೆರೊಟೋನಿನ್ ಹೆಚ್ಚಿಸುವ ಗುಳಿಗೆಯೇ. ಅಂಥ ಔಷಧ ಶುರುವಿನಲ್ಲಿ ಇಲಿಗಳ ಅಂಜಿಕೆಯನ್ನು ಏರಿಸಿದ್ದನ್ನು ಅಲ್ಮಾಸ ಕಣ್ಣಾರೆ ಕಂಡಿದ್ದಳು. ಹೇಳಿದರೆ ಅವ್ವ ಗುಳಿಗೆ ಮುಟ್ಟಲಾರಳೆಂದು ಸುಮ್ಮನಾದಳು.

ಗುಳಿಗೆ ಶುರುವಾದ ವಾರವೇ ಅಣ್ಣ ಸರ್ಫರಾಜನ ಫೋನು ಬಂತು.

"ಲಗೂನ ಬಾ. ಹಾರ್ನ್ ಕೇಳಿ ಅವ್ವ ಒಲಿ ಮುಂದ ಹಂಗ ನಿಂತಬಿಟ್ಟಾಳ. ಹಾಲು ಉಕ್ಕಿ ಕೈಮ್ಯಾಲ ಬಿದ್ರೂ ಕೈ ಹಿಂದ ತಗೊಂಡಿಲ್ಲ!"

ಅಲ್ಮಾಸ ಬಂದಾಗ ರಾಜಬಿಯ ಕೈಗೆ ಪಟ್ಟಿ ಕಟ್ಟಿತ್ತು. ಸರ್ಫರಾಜ ಗುಳಿಗೆಗಳನ್ನು ತಂಗಿಯ ಮುಂದೆ ಒಗೆದ.

"ಇದರಿಂದನ ಜಾಸ್ತಿ ಆಗೇತಿ. ನಿನಗ ಗೊತ್ತಿತ್ತೇನ?"

"ಗೊತ್ತಿತ್ತಣ್ಣಾ."

ಅವನು ಹೊರಗೆ ಹೋದ. ರಾಜಬಿ ಬೈಯಲಿಲ್ಲ.

"ನಿನ್ನ ಇಲಿಗೂ ಹಿಂಗ ಆಗ್ತೈತೇನ?"

"ಹೌದವ್ವಾ, ಮೊದಮೊದಲು."

"ಆಮ್ಯಾಲ?"

"ಕೆಲವಕ್ಕ ಅಂಜಿಕಿ ಇಳೀತೈತಿ. ಎಲ್ಲಾವಕ್ಕೂ ಅಲ್ಲ."

"ಕಡೀಕ ಅವನ್ನ ಏನ ಮಾಡ್ತೀರಿ?"

ಮಿದುಳು ನೋಡಬೇಕೆಂದರೆ ಇಲಿಯನ್ನು ಉಳಿಸುವಂತಿಲ್ಲ. ಅಲ್ಮಾಸ ತಲೆ ತಗ್ಗಿಸಿದಳು. ರಾಜಬಿಗೆ ಉತ್ತರ ಸಿಕ್ಕಿತು.

"ಇಲಿಗೆ ಕೇಳಾಕ ಬಾಯಿಲ್ಲ. ನನಗ ಐತಲ್ಲ? ನನಗ್ಯಾಕ ಹೇಳಲಿಲ್ಲ, ಮಗಳ?"

ಮರುದಿನ ಅಲ್ಮಾಸ ತಾಯಿಯನ್ನು ಇಂಡಿಗೆ ಕರೆದೊಯ್ದು, ಡಾಕ್ಟರ ಮುಂದೆ ಏನನ್ನೂ ಮುಚ್ಚಿಡದೆ ಹೇಳಿದಳು. ಅವರು ಪ್ರಮಾಣ ಇಳಿಸಿದರು. ಸಾವಕಾಶ ಏರಿಸೋಣ, ಬೇಡವೆನಿಸಿದರೆ ಬೇರೆ ದಾರಿ ನೋಡೋಣ ಎಂದರು. ಈ ಸಲ ಎಲ್ಲ ಕೇಳಿಸಿಕೊಂಡು ರಾಜಬಿಯೇ ನಿರ್ಧರಿಸಿದಳು. ಗುಳಿಗೆ ನುಂಗಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಮರಗಟ್ಟುವುದು ಕಡಿಮೆಯಾಗಿತ್ತು. ರಸ್ತೆ ದಾಟಲು ಮಾತ್ರ ಇನ್ನೂ ಯಾರಾದರೂ ಜೊತೆಗಿರಬೇಕು. ಸರ್ಫರಾಜ ತಂಗಿಯೊಡನೆ ಮಾತಾಡುತ್ತಾನೆ, ಅಷ್ಟಕ್ಕಷ್ಟೇ. ಅಲ್ಮಾಸ ಕೆಲಸ ಬಿಡಲಿಲ್ಲ. ಕರೆಂಟಿನ ಗುಂಡಿ ಒತ್ತುವ ಮೊದಲು ಅವಳ ಬೆರಳು ಈಗೀಗ ಅರೆಗಳಿಗೆ ನಿಲ್ಲುತ್ತದೆ, ಆಮೇಲೆ ಒತ್ತುತ್ತದೆ.