ಕೊನೆಯ ದಿನದ ನೋಟೀಸು

ನೋಟೀಸು ಹಳೆಯದಾಗಿ ಕಾಣುತ್ತಿರಲಿಲ್ಲ. ಅದೇ ತೊಂದರೆ. ರಾಜಶೇಖರ್ ಹಾಳೆಯ ಮೂಲೆಯನ್ನು ಅಂಗೈಯಲ್ಲಿ ಉಜ್ಜಿದ, ಮಡಚಿ ಬಿಡಿಸಿದ, ಕಿಟಕಿಯ ಧೂಳನ್ನು ಬೆರಳಿಗೆ ಒತ್ತಿಕೊಂಡು ಅದಕ್ಕೆ ಸವರಿದ. ಕೆಳಗೆ ಸಂಘದ ಸೀಲು. ಪಕ್ಕದಲ್ಲಿ ಅವನೇ ಈಗಷ್ಟೇ ಬರೆದ ಕಳೆದ ತಿಂಗಳ ತಾರೀಖು.

ಯಸಳೂರಿನ ಮೆಣಸು ಬೆಳೆಗಾರರ ಸಂಘಕ್ಕೆ ಅವನು ಕಾರ್ಯದರ್ಶಿ. ಅರ್ಥಶಾಸ್ತ್ರದಲ್ಲಿ ಎಂ.ಎ. ಒಂದು ತಿಂಗಳ ಹಿಂದೆ ಡೆಲ್ಲಿಯ ಸರ್ಕಾರಿ ಕಚೇರಿಯಿಂದ ಇಂಗ್ಲಿಷಿನಲ್ಲಿ ಇಮೇಲ್ ಬಂದಿತ್ತು. ಹೊರದೇಶವೊಂದರ ಜೊತೆ ವ್ಯಾಪಾರ ಒಪ್ಪಂದದ ಮಾತುಕತೆ ನಡೆಯುತ್ತಿದೆ. ಅಲ್ಲಿಂದ ಬರುವ ಕರಿಮೆಣಸಿನ ಮೇಲಿನ ಸುಂಕವನ್ನು ಹಂತಹಂತವಾಗಿ ತೆಗೆಯುವ ಪ್ರಸ್ತಾಪವಿದೆ. ಬೆಳೆಗಾರರಿಗೆ ತಿಳಿಸಿ, ಸಭೆ ಕರೆದು, ಅವರ ಅಭಿಪ್ರಾಯವನ್ನು ಮೂವತ್ತು ದಿನದೊಳಗೆ ಕಳುಹಿಸಿ.

ಅರ್ಥವಾಗದಿದ್ದರೆ ಯಾರನ್ನಾದರೂ ಕೇಳುತ್ತಿದ್ದ. ಪೂರ್ತಿ ಅರ್ಥವಾಗಿತ್ತು: ಹೊರಗಿನ ಅಗ್ಗದ ಮೆಣಸು ಬಂದರೆ ಇಲ್ಲಿಯ ಬೆಲೆ ಕುಸಿಯುತ್ತದೆ. ಅದಕ್ಕೇ ಮುಚ್ಚಿಟ್ಟ. ಓದಿ ಹೇಳಿದರೆ ಈಗೇನು ಮಾಡೋಣ ಅನ್ನುತ್ತಾರೆ. ಅವನಿಗೆ ಗೊತ್ತಿರಲಿಲ್ಲ. ಎಂ.ಎ. ಓದಿದವನು ಗೊತ್ತಿಲ್ಲ ಅಂತ ಹೇಗೆ ಹೇಳುವುದು? ನಾಳೆ ನೋಡೋಣ ಅಂದುಕೊಂಡ. ನಾಳೆಗಳೆಲ್ಲ ಮುಗಿದು ಇವತ್ತಾಗಿತ್ತು.

ಬೋರ್ಡಿಗೆ ಪಿನ್ನು ಚುಚ್ಚುತ್ತಿದ್ದಾಗ ಹಿಂದಿನಿಂದ ಭೂತಮ್ಮನ ದನಿ ಬಂತು.

"ಏನ್ ಸಾ ಅದು?"

ಎರಡು ಎಕರೆಯಲ್ಲಿ ಮೆಣಸು ಬೆಳೆಯುವ ವಿಧವೆ. ಬಳ್ಳಿಯ ರೋಗಕ್ಕೆ ಔಷಧಿ ಕೇಳಲು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಾಳೋ.

"ಹಳೇ ನೋಟೀಸು. ಬಿದ್ದುಹೋಗಿತ್ತು."

"ಏನಂತೆ?"

ಅವನು ಹೇಳಿದ. ಆದಷ್ಟು ಚಿಕ್ಕದಾಗಿ, ಆದಷ್ಟು ದೂರದ ವಿಷಯವೆಂಬಂತೆ. ಅವಳು ಬೋರ್ಡಿನ ಹತ್ತಿರಕ್ಕೆ ಬಂದಳು.

"ಹಂಗಾರೆ ನಮ್ನ ಕೇಳ್ತಾವ್ರಾ? ಡೆಲ್ಲಿಯೋರು?"

"ಹೂಂ."

ಅವಳ ಮುಖ ಅರಳಿತು. ಅದನ್ನು ಕಂಡು ಅವನಿಗೆ ನಿಜವಾಗಿ ಭಯವಾಯಿತು.

ಹನ್ನೊಂದಕ್ಕೆ ಹಾಸನದ ಜಿಲ್ಲಾ ಕಚೇರಿಯಿಂದ ಅಭಿಷೇಕ್ ಫೋನ್ ಮಾಡಿದ. ಎಲ್ಲ ಸಂಘಗಳ ವರದಿಯನ್ನು ಒಟ್ಟು ಮಾಡಿ ಮೇಲೆ ಕಳಿಸುವವನು.

"ಸರ್, ನಿಮ್ದೊಂದೇ ಬಾಕಿ. ಐದಕ್ಕೆ ಕ್ಲೋಸ್ ಆಗುತ್ತೆ."

"ಸಭೆ ಇವತ್ತು ಇದೆ."

"ಇವತ್ತಾ?" ಅಭಿಷೇಕ್ ನಕ್ಕಂತಾಯಿತು. "ಆಗ್ಲಿ. ನಡಾವಳಿ ಬೇಕು, ನಾಲ್ಕೈದು ಸಹಿ ಬೇಕು."

"ಒಪ್ಪಂದದಲ್ಲಿ ಪೂರ್ತಿ ಏನಿದೆ ಅಂತ ಕೇಳಿದ್ರೆ?"

"ಅದನ್ನ ನಾವೂ ನೋಡಿಲ್ಲ ಸರ್. ಸಹಿ ಆಗೋವರೆಗೂ ಗೋಪ್ಯ."

ಮಧ್ಯಾಹ್ನದ ಹೊತ್ತಿಗೆ ಭೂತಮ್ಮ ತಾನೇ ಓಡಾಡಿ ಏಳು ಜನರನ್ನು ಕರೆತಂದಳು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಜವರಪ್ಪ. ಸಂಘದ ಜಗುಲಿಯಲ್ಲಿ ದಿನಾ ಬೆಳಿಗ್ಗೆ ಪೇಪರ್ ಓದುವವರು. ಅವರು ಬೋರ್ಡಿನ ಮುಂದೆ ನಿಂತು ತಾರೀಖು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ತಿಂಗ್ಳಾಯ್ತಾ ಇದನ್ನ ಹಾಕಿ?"

"ಆಯ್ತು ಜವರಪ್ಪನೋರೆ."

"ನಾನು ದಿನಾ ಇಲ್ಲೇ ಕೂರ್ತೀನಲ್ಲ."

ರಾಜಶೇಖರ್ ಕುರ್ಚಿಗಳನ್ನು ಸರಿಪಡಿಸತೊಡಗಿದ. ಈಗ ಕೇಳುತ್ತಾರೆ, ಈಗ.

"ಕಣ್ಣು ತೋರುಸ್ಬೇಕು ಕಣಪ್ಪ," ಅಂದರು ಜವರಪ್ಪ, ತಮ್ಮಷ್ಟಕ್ಕೆ. "ನಂಗೇ ಕಾಣ್ಲಿಲ್ಲ. ಕಂಡಿದ್ರೆ ಎಲ್ರಿಗೂ ಹೇಳ್ತಿದ್ದೆ."

ಇಲ್ಲ, ನಿಮ್ಮ ಕಣ್ಣು ಸರಿಯಾಗಿದೆ. ಅಷ್ಟು ಹೇಳಿದ್ದರೆ ಸಾಕಿತ್ತು. ಅವನು ಹಾಜರಿ ಹಾಳೆಯನ್ನು ಮುಂದಿಟ್ಟ. ಜವರಪ್ಪ ಹಾಳೆಗೆ ತೀರಾ ಬಗ್ಗಿ, ಗೆರೆಯನ್ನು ಬೆರಳಿನಿಂದ ಹುಡುಕಿ ಸಹಿ ಹಾಕಿದರು. ಬೆಳಿಗ್ಗೆಯವರೆಗೆ ಅವರು ಹಾಗೆ ಬಗ್ಗುತ್ತಿರಲಿಲ್ಲ.

ಸಭೆ ಇಪ್ಪತ್ತು ನಿಮಿಷ ನಡೆಯಿತು. ಯಾವ ದೇಶ, ಎಷ್ಟು ಮೆಣಸು, ಯಾವಾಗಿನಿಂದ ಎಂದು ಕೇಳಿದರು. ಪ್ರತಿಯೊಂದಕ್ಕೂ ಅವನು "ಇನ್ನೂ ಗೊತ್ತಾಗಿಲ್ಲ" ಅಂದ.

"ಕಾಣದೇ ಇರೋದ್ಕೆ ಏನಂತ ಹೇಳಾನ?" ಅಂದರು ಜವರಪ್ಪ.

"ಬ್ಯಾಡ ಅಂತ ಬರ್ಕಳಿ," ಅಂದಳು ಭೂತಮ್ಮ. "ನಾವೆಲ್ಲ ಬ್ಯಾಡ ಅಂದ್ವಿ ಅಂತ."

ಎಲ್ಲರೂ ತಲೆಯಾಡಿಸಿದರು. ಎದ್ದು ಹೋಗುವಾಗ ಅವರ ನಡಿಗೆಯಲ್ಲಿ ಏನೋ ಮುಗಿಸಿದ ಹಗುರವಿತ್ತು.

ಅವನು ಬೇಡ ಎಂದೇ ಟೈಪ್ ಮಾಡಿ ಕಳಿಸಿದ. ನಾಲ್ಕೂಕಾಲಿಗೆ ಅಭಿಷೇಕ್ ಮತ್ತೆ ಫೋನ್ ಮಾಡಿದ.

"ವಿರೋಧ ಅಂದ್ರೆ ಅಂಕಿಅಂಶ ಲಗತ್ತಿಸ್ಬೇಕು ಸರ್. ನೋಟೀಸ್ ಕೊಟ್ಟು ಒಂದು ತಿಂಗಳಾಗಿದೆ, ತಯಾರಿಲ್ವಾ ಅಂತ ಕೇಳ್ತಾರೆ. ಯಾವತ್ತು ಹಾಕಿದ್ರಿ, ಯಾರ್ ನೋಡಿದ್ರು, ಎಲ್ಲಾ ಕೇಳ್ತಾರೆ."

"ಮತ್ತೆ?"

"'ವಿಷಯವನ್ನು ಗಮನಿಸಲಾಯಿತು' ಅಂತ ಹಾಕಿ. ಯಾರೂ ಏನೂ ಕೇಳಲ್ಲ."

ಅವನು ಹಾಗೇ ಹಾಕಿದ. ಬೇಡ ಎಂದವರ ಸಹಿಗಳಿದ್ದ ಹಾಜರಿ ಹಾಳೆಯನ್ನೇ ಅದರ ಜೊತೆ ಸೇರಿಸಿದ. ಕಳಿಸಿದ ಕೂಡಲೇ ಒಂದು ಉತ್ತರ ತಾನಾಗಿ ಬಂತು: ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು.

ಐದೂವರೆಯ ಸಕಲೇಶಪುರದ ಬಸ್ಸಿನಲ್ಲಿ ಎಡಗಡೆಯ ಕೊನೆಯ ಕಿಟಕಿ ಸಿಕ್ಕಿತು. ಭೂತಮ್ಮ ಬಂದು ಪಕ್ಕದಲ್ಲೇ ಕೂತಳು.

"ಹೋಯ್ತಾ ಸಾ?"

"ಹೋಯ್ತು."

"ಬ್ಯಾಡ ಅಂತ ಬರುದ್ರಾ?"

"ಬರೆದೆ."

"ಒಳ್ಳೇದಾಯ್ತು ಬುಡಿ," ಅಂದು ಅವಳು ಸೆರಗು ಹೊದ್ದು ಕಣ್ಣು ಮುಚ್ಚಿದಳು. ಅವನು ಮಾತ್ರ ಅವಳ ಉಸಿರನ್ನು ಕೇಳುತ್ತಾ ಕೂತ. ಎಚ್ಚರವಿದ್ದಾಳೋ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾಳೋ.

ಎಡಕ್ಕೆ ಕಣಿವೆಯಿದ್ದ ಇಳಿಜಾರಿನಲ್ಲಿ ಮಂಜು ಕವಿಯಿತು. ತಿರುವಿನಲ್ಲಿ ಎದುರಿಗೆ ಮರ ತುಂಬಿದ ಲಾರಿ ಬಂದು ನಿಂತಿತು. ಒಬ್ಬರು ಹಿಂದೆ ಸರಿಯಬೇಕು. ಕಂಡಕ್ಟರ್ ಇಳಿದು ಲಾರಿಯ ಕಡೆ ಹೋದ. ಡ್ರೈವರ್ ಗೇರು ಹಾಕಿ ತಿರುಗಿ ಕೂಗಿದ.

"ಹಿಂದ್ಗಡೆ ಕಿಟಕಿಯೋರೆ, ಎಡಕ್ಕೆ ಜಾಗ ಐತಾ ನೋಡಿ ಹೇಳಿ."

"ನಮ್ ಸೆಕ್ರೆಟ್ರಿ ಅವ್ರೆ, ನೋಡ್ತಾರೆ," ಅಂದಳು ಭೂತಮ್ಮ, ಕಣ್ಣು ಬಿಡದೆ.

ಅವನು ತಲೆ ಹೊರಗೆ ಹಾಕಿದ. ರಸ್ತೆಯಿರಲಿಲ್ಲ, ಅಂಚಿರಲಿಲ್ಲ, ಚಕ್ರವೂ ಇರಲಿಲ್ಲ. ಬರೀ ಬಿಳಿ. ಒಂದು ಕಲ್ಲು ಜಾರಿದ ಸದ್ದು ಕೇಳಿತು. ಅದು ಕೆಳಗೆ ಬಿದ್ದ ಸದ್ದು ಕೇಳಿಸಲೇ ಇಲ್ಲ.

"ಐತಾ ಸಾರ್?"

ಬಸ್ಸಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದ್ದರು.

"ಇದೆ," ಅಂದ ರಾಜಶೇಖರ್. "ಬನ್ನಿ."

ಬಸ್ಸು ಹಿಂದಕ್ಕೆ ಚಲಿಸತೊಡಗಿತು.