ಆಟಿಯಲ್ಲಿ ಮನೆ ನೋಡಲು ಬಂದವಳು

ಸಿದ್ಧಕಟ್ಟೆಯ ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಹಿಂದೆ ನಿಂತರೆ ಹುಕ್ರಪ್ಪನೇ ಊರಿನ ಮನೆಗಳಿಗೆಲ್ಲ ಡಾಕ್ಟರು. ಯಾರ ತಾರಸಿ ಸೋರಿದರೂ, ಯಾರ ಕಿಟಕಿಗೆ ಗೆದ್ದಲು ಹಿಡಿದರೂ, ಯಾವ ಡಬ್ಬಿ, ಎಷ್ಟು ಲೀಟರ್, ಎಷ್ಟು ಕೋಟು ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ಅವನ ಸ್ವಂತ ಮನೆಯ ಆರೋಗ್ಯವನ್ನು ಮಾತ್ರ ಅವನ ಹೆಂಡತಿ ದಮಯಂತಿಯ ಹತ್ತಿರ ಕೇಳಬೇಕು. ಹೆಂಚಿನ ಮನೆಯ ಹಿಂದಕ್ಕೆ ತಾರಸಿಯ ಅಡುಗೆಮನೆ ಸೇರಿಸಿ ಹದಿನಾಲ್ಕು ವರ್ಷ ಆಗಿತ್ತು. ಹೆಂಚೂ ತಾರಸಿಯೂ ಕೂಡುವ ಸಂದಿನಿಂದ ಅಷ್ಟು ಮಳೆಗಾಲವೂ ನೀರು ಗುರಿಯಿಟ್ಟಂತೆ ಒಲೆಯ ಮುಂದೆ ನಿಂತವರ ನೆತ್ತಿಗೇ ಬೀಳುತ್ತಿತ್ತು. ದಮಯಂತಿ ತಲೆಗೆ ಬೈರಾಸು ಟವೆಲು ಸುತ್ತಿಕೊಂಡು ಅಡುಗೆ ಮಾಡುವುದನ್ನು ಕಂಡ ನೆಂಟರು, ಪಾಪ, ಇವಳಿಗೆ ವರ್ಷವಿಡೀ ಶೀತ ಎಂದುಕೊಂಡಿದ್ದರು.

ಈಗ ಆ ಮನೆಯನ್ನು ಮಾರಬೇಕಿತ್ತು. ಉಜಿರೆಯಲ್ಲಿ ಹಾಸ್ಟೆಲುಗಳ ಹಿಂದೆ ಶಶಿಪ್ರಭಾ ಟೀಚರ ಮನೆ ಮಾರಾಟಕ್ಕಿತ್ತು. ಅಲ್ಲಿ ಕಾಲೇಜು ಮಕ್ಕಳಿಗೆ ಮೆಸ್ ನಡೆಸಬೇಕೆಂಬುದು ದಮಯಂತಿಯ ಬಹುಕಾಲದ ಆಸೆ. ಕೈಯಲ್ಲಿರುವ ಮನೆ ಹೋಗದೆ ಆ ಮನೆ ಬರುವ ಹಾಗಿಲ್ಲ. "ಚೌತಿವರೆಗೆ ಕಾಯ್ತೇನೆ. ಆಮೇಲೆ ಬೇರೆಯವರಿಗೆ ಕೊಡ್ತೇನೆ, ಬೇಜಾರು ಮಾಡ್ಬೇಡಿ" ಎಂದು ಟೀಚರು ಖಡಾಖಂಡಿತ ಹೇಳಿದ್ದರು.

"ಜನ ನೋಡ್ಲಿಕ್ಕೆ ಬರುವ ಮುಂಚೆ ಆ ಸಂದು, ಹಿಂದಿನ ಬಾಗಿಲು, ಬಚ್ಚಲಿನ ಸ್ವಿಚ್ಚು, ಇಷ್ಟಾದ್ರೂ ಸರಿ ಮಾಡಿಸುವ" ಎಂದು ದಮಯಂತಿ ಗಂಡನ ಬೆನ್ನು ಹತ್ತಿದಳು.

"ಇದು ಆಟಿ ಅಲ್ವಾ ಮಾರಾಯ್ತಿ," ಎಂದ ಹುಕ್ರಪ್ಪ. "ಆಟಿಯಲ್ಲಿ ಯಾರಾದ್ರೂ ಮನೆ ನೋಡ್ಲಿಕ್ಕೆ ಹೊರಡ್ತಾರಾ? ಸೋಣ ತಿಂಗಳು ಬರ್ಲಿ. ಮಳೆ ಬಿಡ್ತದೆ, ಒಂದು ಕೋಟು ಪೇಂಟು ಹೊಡೆದ್ರೆ ಮನೆ ಮದುಮಗಳ ಹಾಗೆ ಕಾಣ್ತದೆ."

ಮಳೆ ಜೋರಿರುವ ಆಟಿ ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವುದಿಲ್ಲ ಎಂಬುದು ತುಳುವರಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ಮನೆ ಕೊಳ್ಳುವವರೆಲ್ಲ ತುಳುವರ ಪಂಚಾಂಗ ನೋಡಿಯೇ ಹೊರಡುತ್ತಾರೆ ಎಂದು ನಂಬಿದ್ದು ಹುಕ್ರಪ್ಪನ ದೊಡ್ಡ ತಪ್ಪು.

ಆಟಿಯ ಎರಡನೆಯ ಭಾನುವಾರ ಬಂಟ್ವಾಳದ ಜುಲೈಕಾ ಎಂಬವಳು ಫೋನು ಮಾಡಿದಳು. ಗಂಡ ಸೌದಿಯ ದಮಾಮಿನಲ್ಲಿ, ಮನೆ ಹುಡುಕುವ ಕೆಲಸ ಅವಳದು. ಬ್ರೋಕರ್ ಇಮ್ತಿಯಾಝ್ ನಂಬರು ಕೊಟ್ಟನಂತೆ. "ಸಿದ್ಧಕಟ್ಟೆ ಪೇಟೆಯಲ್ಲಿದ್ದೇನೆ, ಹತ್ತು ನಿಮಿಷದಲ್ಲಿ ಬರ್ತೇನೆ" ಎಂದಳು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು.

ಆ ಹತ್ತು ನಿಮಿಷ ಹುಕ್ರಪ್ಪನಿಗೆ ದೆವ್ವ ಹಿಡಿದಂತಾಯಿತು. ಗೋಡೆಯ ಒದ್ದೆ ಕಲೆಯ ಮೇಲೆ ಕ್ಯಾಲೆಂಡರ್ ನೇತುಹಾಕಿದ. ಉಬ್ಬಿದ ಹಿಂಬಾಗಿಲನ್ನು, ಮುಚ್ಚಿದರೆ ಒದ್ದು ತೆರೆಯಬೇಕಾದೀತೆಂದು, ತೆರೆದೇ ಇಟ್ಟ. ಅಡುಗೆಮನೆಯಲ್ಲಿ ಹನಿಯ ಕೆಳಗೆ ಇಟ್ಟಿದ್ದ ಬೋಗುಣಿಯನ್ನು ಹಿತ್ತಿಲಿಗೆ ಎಸೆದ. ಬೋಗುಣಿ ತೆಗೆದ ಮೇಲೆ ಹನಿ ನೇರ ನೆಲಕ್ಕೆ ಬಿದ್ದು ಟಪ್ ಟಪ್ ಎನ್ನತೊಡಗಿತು. ಬೇರೆ ದಾರಿ ಕಾಣದೆ ತಾನೇ ಹೋಗಿ ಹನಿಯ ಕೆಳಗೆ ನಿಂತ.

ಜುಲೈಕಾ ಅಡುಗೆಮನೆಗೆ ಬಂದಾಗ ಹುಕ್ರಪ್ಪ ಒಲೆಯ ಮುಂದೆ ಕೈಕಟ್ಟಿ ನಗುತ್ತ ನಿಂತಿದ್ದ. ಹನಿ ಅವನ ಬೋಳು ನೆತ್ತಿಗೆ ಬಿದ್ದು, ಹಣೆಗಿಳಿದು, ಮೂಗಿನ ತುದಿಯಲ್ಲಿ ಒಂದು ಕ್ಷಣ ಯೋಚಿಸಿ ಕೆಳಗೆ ಹೋಗುತ್ತಿತ್ತು.

"ಅಣ್ಣ, ಸ್ವಲ್ಪ ಈಚೆ ಬರ್ತೀರಾ? ಒಲೆ ಕಟ್ಟೆ ನೋಡ್ಬೇಕಿತ್ತು."

"ಇಲ್ಲ ಇಲ್ಲ, ನನಗೆ ಇಲ್ಲೇ ಆರಾಮ ಉಂಟು."

ದಮಯಂತಿ ಬೇಗ ಬೇಗ ತೋರಿಸಿ ಅವಳನ್ನು ಹೊರಗೆ ಕರೆದೊಯ್ಯಬೇಕಿತ್ತು. ಆದರೆ ಆ ನೆತ್ತಿಯ ಮೇಲೆ ಒಂದೊಂದು ಹನಿ ಬಿದ್ದಾಗಲೂ ಅವಳಿಗೆ ಒಂದೊಂದು ವರ್ಷದ ಸಿಟ್ಟು ಇಳಿದಂತಾಗುತ್ತಿತ್ತು. ಅವಳು ನಿಧಾನಕ್ಕೆ ಮಸಾಲೆ ಡಬ್ಬಿಯ ಕಪಾಟು ತೋರಿಸಿದಳು. ಸಿಂಕಿನ ಕಥೆ ಹೇಳಿದಳು. "ಚಾ ಮಾಡ್ಲಾ? ಮಾತಾಡಿಕೊಂಡು ಇಲ್ಲೇ ಕುಡಿಯುವ" ಎಂದಳು. ಹುಕ್ರಪ್ಪ ಕಣ್ಣಲ್ಲೇ ಬೇಡಿಕೊಂಡ. ಅಷ್ಟರಲ್ಲಿ ಅವನಿಗೆ ದೊಡ್ಡದೊಂದು ಸೀನು ಬಂತು, ನೀರು ಜುಲೈಕಾಳ ಕನ್ನಡಕಕ್ಕೆ ಸಿಡಿಯಿತು.

ದಮಯಂತಿಗೆ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದಾಗ ಭಯವಾಯಿತು. ಉಜಿರೆಯ ಮೆಸ್ಸು ಈ ಹನಿಯಲ್ಲೇ ಕೊಚ್ಚಿಹೋಯಿತು ಎನಿಸಿತು. ಹೇಗೂ ಹೋಗುವುದಾದರೆ ಸುಳ್ಳು ಹೇಳಿ ಹೋಗುವುದಂತೂ ಬೇಡ ಎಂದುಕೊಂಡು ಎಲ್ಲ ಬಾಯಿಬಿಟ್ಟಳು. ಕ್ಯಾಲೆಂಡರ್ ಎತ್ತಿ ಕಲೆ ತೋರಿಸಿದಳು, ಬಾಗಿಲು ಮುಚ್ಚಿ ಒದ್ದು ತೆರೆದಳು, ಶಾಕ್ ಹೊಡೆಯುವ ಬಚ್ಚಲಿನ ಸ್ವಿಚ್ಚನ್ನು ತಾನು ಮರದ ಸೌಟಿನಿಂದ ಒತ್ತುವುದನ್ನೂ ಮಾಡಿ ತೋರಿಸಿದಳು.

ಜುಲೈಕಾ ಕನ್ನಡಕ ಒರೆಸಿಕೊಂಡಳು. "ಬೇಸಿಗೆಯಲ್ಲಿ ನಾಲ್ಕು ಮನೆ ನೋಡಿದೆ ಅಕ್ಕ. ಎಲ್ಲ ಕಡೆ ಹೊಸ ಪೇಂಟು, ಎಲ್ಲಿ ಏನುಂಟು ಅಂತ ಒಬ್ಬರೂ ಬಾಯಿ ಬಿಡ್ಲಿಲ್ಲ. ಅದಕ್ಕೇ ಮಳೆಯಲ್ಲಿ ಬಂದದ್ದು. ಇದು ತಗೊಳ್ತೇನೆ. ಬಾಗಿಲು, ಸ್ವಿಚ್ಚು ನಾನು ಮಾಡಿಸ್ತೇನೆ. ಆದ್ರೆ ಈ ಸಂದು ಮಾತ್ರ ನೀವು ಸರಿ ಮಾಡಿಯೇ ಕೊಡ್ಬೇಕು. ಒಲೆ ಮುಂದೆ ನೆನೆದುಕೊಂಡು ನಿಲ್ಲಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ."

ಮರುದಿನವೇ ಹುಕ್ರಪ್ಪ ಅಂಗಡಿಗೆ ರಜೆ ಹಾಕಿದ. ಮೇಸ್ತ್ರಿ ಕುಶಾಲಪ್ಪನನ್ನು ಕರೆತಂದ. ಮಳೆ ಬಿಟ್ಟ ಹೊತ್ತು ನೋಡಿ ಇಬ್ಬರೂ ಮೇಲೆ ಹತ್ತಿ, ಸಂದಿನ ಉದ್ದಕ್ಕೂ ತಗಡು ಬಗ್ಗಿಸಿ ಕೂರಿಸಿದರು. ಮಧ್ಯಾಹ್ನದ ಊಟದ ಹೊತ್ತಿನೊಳಗೆ ಕೆಲಸ ಮುಗಿಯಿತು.

ಸಂಜೆ ಮತ್ತೆ ಜೋರು ಮಳೆ ಹೊಡೆಯಿತು. ದಮಯಂತಿ ಒಲೆಯ ಮುಂದೆ ನಿಂತು ಮೇಲೆ ನೋಡಿದಳು. ಒಂದು ಹನಿಯೂ ಇಲ್ಲ. ಅವಳಿಗೆ ಮೊದಲು ಖುಷಿಯಾಯಿತು. ಆಮೇಲೆ, ಬಿಟ್ಟುಹೋಗಲು ತಿಂಗಳಷ್ಟೇ ಇರುವಾಗ ಒಣಗಿದ ಆ ಅಡುಗೆಮನೆಯನ್ನು ಕಂಡು ಅಳು ಬಂತು, ಅದರ ಬೆನ್ನಿಗೇ ಕೆಂಡದಂಥ ಸಿಟ್ಟು.

"ಹೇಗುಂಟು?" ಎಂದ ಹುಕ್ರಪ್ಪ, ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು.

"ಚಂದ ಉಂಟು," ಎಂದಳು ದಮಯಂತಿ. "ಒಂದು ಕೆಲಸ ಮಾಡುವ. ಉಜಿರೆಗೆ ಹೋದ ದಿನವೇ ಆ ಮನೆಯನ್ನೂ ಮಾರಾಟಕ್ಕಿಡುವ. ಆಗ ನನಗೂ ಒಂದು ಒಳ್ಳೆಯ ಮನೆಯಲ್ಲಿ ಕೂತ ಹಾಗಾಗ್ತದೆ."